ಗೆಳೆಯನಿಗೊಂದು ಪತ್ರ: ರಾಜ ಸತ್ತ ಮೇಲೇ ಆಟ ಶುರು

ಪ್ರೀತಿಯ ಗೆಳೆಯ,

ಆಟ ಇಳಿಸಿಕೊಂಡೆ, ಭೂಪಟ ತೆರೆದೆ, ತಲೆ ತಿರುಗಿ ಮುಚ್ಚಿಬಿಟ್ಟೆ ಅಂತ ಬರೆದಿದ್ದೀಯ. ಕ್ರುಸೇಡರ್ ಕಿಂಗ್ಸ್ 3 ಅನ್ನೋ ಈ ರಾಜಮನೆತನಗಳ ಕಂಪ್ಯೂಟರ್ ಆಟವನ್ನು ಮೊದಲ ಸಲ ತೆರೆದ ಎಲ್ಲರಿಗೂ ಹಾಗೇ ಆಗೋದು. ಐಸ್‌ಲ್ಯಾಂಡಿನಿಂದ ನಮ್ಮ ಕಡೆಯನ್ನೂ ದಾಟಿ ಒಂದೇ ಭೂಪಟ, ಅದರ ತುಂಬ ಸಾವಿರಾರು ಜನ, ಒಬ್ಬೊಬ್ಬರಿಗೂ ಒಂದು ಮುಖ, ಒಂದು ಹೆಸರು, ಒಂದು ಸ್ವಭಾವ. ನಿನಗೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇದನ್ನೆಲ್ಲ ಕನ್ನಡದಲ್ಲಿ ಹೇಳೋರು ಕಮ್ಮಿ, ಇನ್ನೊಬ್ಬರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದೋ ಕಡೆ ಬರೆಯುತ್ತಿದ್ದೇನೆ. ಹಗೇದಿಬ್ಬ ಸರ್ಕಲ್ ವಿಷಯ ಮಾತ್ರ ಇಲ್ಲಿ ಎತ್ತಲ್ಲ, ಹೆದರಬೇಡ.

ನೀನು ಸೀದಾ ಚಾಲುಕ್ಯರನ್ನು ಆರಿಸಿಕೊಂಡೆಯಲ್ಲ, ಅಲ್ಲೇ ಕಷ್ಟ ಶುರುವಾಗಿದ್ದು. ನಮ್ಮೋರು ಅನ್ನೋ ಅಭಿಮಾನ ನನಗೂ ಇದೆ. ಆದರೆ ನೀನು ಆಟ ಶುರುಮಾಡಿದ 1066ರಲ್ಲಿ ಆಹವಮಲ್ಲ ಸೋಮೇಶ್ವರನ ರಾಜ್ಯ ದೊಡ್ಡದು, ಸಾಮಂತರು ಜಾಸ್ತಿ, ತೆಂಕಣಕ್ಕೆ ಚೋಳರು. ಮೊದಲ ದಿನವೇ ಅಷ್ಟನ್ನು ಸಂಭಾಳಿಸೋಕೆ ಆಗಲ್ಲ. ಅದೇ ವರ್ಷದ ಐರ್ಲೆಂಡಿಗೆ ಹೋಗು. ಹೊಸಬರಿಗೆ ಆಟ ಕಲಿಸೋ ಟ್ಯುಟೋರಿಯಲ್ ಕೂಡ ನಿನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗುತ್ತೆ, ಮನ್‌ಸ್ಟರ್ ಅನ್ನೋ ಸಣ್ಣ ರಾಜ್ಯಕ್ಕೆ. ಸುತ್ತ ಇರೋರೆಲ್ಲ ನಿನ್ನಷ್ಟೇ ಸಣ್ಣವರು. ಒಬ್ಬ ಯುದ್ಧಕ್ಕೆ ಬಂದರೂ ರಾಜ್ಯ ಮುಳುಗಲ್ಲ. ಉಸಿರು ಬಿಡೋಕೆ ಸಮಯ ಸಿಗುತ್ತೆ.

ಸ್ಪೇಸ್ ಒತ್ತಿದರೆ ಕಾಲ ನಿಲ್ಲುತ್ತೆ. ಒತ್ತು, ನಿಲ್ಲಿಸು, ಓದು. ಬಣ್ಣದ ಪದದ ಮೇಲೆ ಮೌಸ್ ಇಟ್ಟರೆ ವಿವರಣೆ ಬರುತ್ತೆ, ಆ ವಿವರಣೆಯೊಳಗಿನ ಪದಕ್ಕೆ ಮತ್ತೊಂದು ವಿವರಣೆ. ಎಲ್ಲವನ್ನೂ ಒಂದೇ ಸಲ ಕಲಿಯೋಕೆ ಹೋಗಬೇಡ. ಮೊದಲು ಮಾಡಬೇಕಾದ್ದು ಮದುವೆ, ಆಮೇಲೆ ಮಂತ್ರಿಮಂಡಲಕ್ಕೆ ಒಳ್ಳೆಯವರನ್ನು ಕೂರಿಸೋದು. ನಿನ್ನ ಧರ್ಮಗುರುವನ್ನು ಪಕ್ಕದ ಕೌಂಟಿಗೆ, ಅಂದರೆ ಪಕ್ಕದ ಸಣ್ಣ ಸೀಮೆಗೆ ಕಳಿಸು, ಅವನು ಅಲ್ಲಿ ಕೂತು 'ಈ ನೆಲ ನಮ್ಮದೇ' ಅನ್ನೋ ಹಕ್ಕುಪತ್ರ ಹುಟ್ಟಿಸುತ್ತಾನೆ. ಆಮೇಲೆ ಯುದ್ಧ. ಇನ್ನೊಂದು ಮಾತು, ರಾಜನ ಸ್ವಭಾವಕ್ಕೆ ವಿರುದ್ಧ ನಡೆಸಬೇಡ. ಕರುಣೆ ಇರೋ ರಾಜನ ಕೈಯಲ್ಲಿ ಸೆರೆಯಾಳನ್ನು ಕೊಲ್ಲಿಸಿದರೆ ಅವನ ಮನಸ್ಸಿನ ಒತ್ತಡ ಏರುತ್ತೆ, ಏರಿ ಏರಿ ಒಂದು ದಿನ ಮುರಿಯುತ್ತೆ. ಸ್ಟಾಕ್‌ಹೋಮಿನಲ್ಲಿ ಕೂತು ಈ ಆಟ ಮಾಡಿದವರಿಗೆ ಮನುಷ್ಯರು ಚೆನ್ನಾಗಿ ಗೊತ್ತು ಅಂತ ನನಗೆ ಅನ್ನಿಸಿದ್ದು ಅಲ್ಲೇ.

ಗೆಲುವು ಅಂತ ಒಂದು ಗೆರೆ ಈ ಆಟದಲ್ಲಿಲ್ಲ. 1453ಕ್ಕೆ ಆಟ ಮುಗಿಯುತ್ತೆ, ಅಷ್ಟೇ. ಅಲ್ಲಿಯವರೆಗೆ ನೀನು ಆಡೋದು ಒಬ್ಬ ರಾಜನನ್ನಲ್ಲ, ಒಂದು ಮನೆತನವನ್ನು. ರಾಜ ಸತ್ತರೆ ನೀನು ಅವನ ಮಗ. ಆ ಮಗ ಸತ್ತರೆ ಮೊಮ್ಮಗ. ಹಾಗಾಗಿ ಹೊಸಬರು ಎಡವೋದು ಯುದ್ಧದಲ್ಲಲ್ಲ ಕಣೋ, ಪಾಲಿನಲ್ಲಿ. ಶುರುವಿನಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಇರೋದು ಗಂಡುಮಕ್ಕಳಿಗೆಲ್ಲ ಪಾಲು ಹೋಗೋ ಕಾನೂನು. ನನ್ನ ಮುದುಕ ರಾಜ ಐರ್ಲೆಂಡ್ ಪೂರ್ತಿ ಹಿಡಿದು, ಕಡಲಾಚೆ ವೇಲ್ಸಿನ ನೆಲವನ್ನೂ ಗೆದ್ದಿದ್ದ. ವೇಲ್ಸಿಗೆ ಅಂತ ಬೇರೆ ಕಿರೀಟ ಮಾಡಿಸಿರಲಿಲ್ಲ. ಅವನು ಸತ್ತ ಗಳಿಗೆಯಲ್ಲಿ ಆಟವೇ ಆ ಕಿರೀಟ ಮಾಡಿ ಎರಡನೇ ಮಗನ ತಲೆಗಿಟ್ಟಿತು. ನಿನ್ನೆಯವರೆಗೆ ನನ್ನ ಮಗನಾಗಿದ್ದವನು ಇವತ್ತು ನನ್ನ ತಮ್ಮ, ಬೇರೆ ದೇಶದ ರಾಜ. ಇದನ್ನು ತಪ್ಪಿಸೋಕೆ ದಾರಿಗಳಿವೆ. ಎರಡನೇ ಕಿರೀಟಕ್ಕೆ ಸಾಕಾಗುವಷ್ಟು ನೆಲ ಹಿಡಿಯದೆ ಇರಬಹುದು. ಕಿರಿಯ ಮಗನನ್ನು ಸನ್ಯಾಸಕ್ಕೆ ಒಪ್ಪಿಸಬಹುದು. ಪಾಲಿನ ಕಾನೂನನ್ನೂ ಮೆಟ್ಟಿಲು ಮೆಟ್ಟಿಲಾಗಿ ಬದಲಿಸಬಹುದು, ಆದರೆ ಹಿರಿಮಗನಿಗೇ ಎಲ್ಲ ಅನ್ನೋ ಕಾನೂನು ಬರೋದು ಆಟದ ಕೊನೆಕೊನೆಗೆ.

ಆ ಕಿರಿಮಗನ ಮುಖದ ಮೇಲೆ ಮೌಸ್ ಇಟ್ಟು ನಾನು ತುಂಬ ಹೊತ್ತು ಕೂತಿದ್ದೆ. ನಿನ್ನ ಬಗ್ಗೆ ಯಾರ ಮನಸ್ಸಿನಲ್ಲಿ ಏನಿದೆ ಅಂತ ಆಟ ಅಂಕಿಯಲ್ಲಿ ತೋರಿಸುತ್ತೆ, ಮೈನಸ್ 100ರಿಂದ ಪ್ಲಸ್ 100ರವರೆಗೆ. ಕೆಳಗೆ ಕಾರಣಗಳ ಪಟ್ಟಿ. ಇದಕ್ಕೆ ಇಷ್ಟು ಪ್ರೀತಿ, ಅದಕ್ಕೆ ಇಷ್ಟು ಸಿಟ್ಟು. ಎಲ್ಲ ಬರಹದಲ್ಲಿ.

ನಮ್ಮನೆಯಲ್ಲಿ ಆ ಪಟ್ಟಿ ಇಲ್ಲ. ಅಪ್ಪ ಈಗಲೂ ದಿನಾ ನಮ್ಮ ಮಂಡಕ್ಕಿ ಭಟ್ಟಿಗೆ ಬರುತ್ತಾರೆ. ಉಪ್ಪು ಹಾಕಿ ಹದ ಮಾಡಿದ ಅಕ್ಕಿಯನ್ನು ನಾಲ್ಕು ಕಾಳು ಎತ್ತಿ ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ, ತಲೆ ಆಡಿಸಿದರೆ ಮಾತ್ರ ಅಣ್ಣ ಕಾದ ಮರಳಿಗೆ ಸುರಿಯುತ್ತಾನೆ. ಬಾಣಲೆ ತುಂಬ ಮಂಡಕ್ಕಿ ಅರಳೋದು ಒಂದೇ ಉಸಿರಿನಲ್ಲಿ. ತಕ್ಷಣ ಜರಡಿಗೆ ತೆಗೀಬೇಕು, ತಡವಾದರೆ ಕೆಂಪಾಗುತ್ತೆ. ಅಣ್ಣ ಇಷ್ಟು ವರ್ಷ ಆ ಬೆಂಕಿಯ ಮುಂದೆ ನಿಂತಿದ್ದಾನೆ. ನಾನು ಮಹಡಿ ಮೇಲೆ ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳುತ್ತೇನೆ. ಭಟ್ಟಿ ಯಾರಿಗೆ, ಭದ್ರಾ ನಾಲೆ ಕೆಳಗಿನ ಗದ್ದೆ ಯಾರಿಗೆ ಅಂತ ಅಪ್ಪ ಯಾವತ್ತೂ ಹೇಳಿಲ್ಲ. ನಾವಿಬ್ಬರೂ ಕೇಳಿಲ್ಲ. ಅವರು ಬದುಕಿರುವಾಗ ಆ ಮಾತು ಬಾಯಿಂದ ಹೊರಡೋದೇ ಇಲ್ಲ. ಆಟದಲ್ಲಿ ಮಾತ್ರ ರಾಜನಿಗೆ ಐವತ್ತು ದಾಟಿದ ತಕ್ಷಣ ಅವನ ಸಾವಿನ ಲೆಕ್ಕ ಹಾಕೋಕೆ ಕೂರುತ್ತೇನೆ. ಹಾಕಲೇಬೇಕು, ಇಲ್ಲದಿದ್ದರೆ ಮನೆತನ ಉಳಿಯಲ್ಲ.

ಸೋಮೇಶ್ವರನ ಕತೆ ನಿನಗೆ ಗೊತ್ತಲ್ಲ. ವಾಸಿಯಾಗದ ಕಾಯಿಲೆ ಬಂತು ಅಂತ 1068ರಲ್ಲಿ ಅವನು ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟಿದ್ದು ಕುರುವತ್ತಿಯಲ್ಲಿ. ಹರಿಹರದಿಂದ ಹೊಳೆಯ ಗುಂಟ ಕೆಳಗೆ ಹೋದರೆ ಸಿಗೋ ಊರು, ಆ ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ನಾವಿಬ್ಬರೂ ನೋಡಿದ್ದೇವೆ. ಸೋಮೇಶ್ವರನ ಎರಡನೇ ಮಗ ವಿಕ್ರಮಾದಿತ್ಯನ ಆಸ್ಥಾನಕವಿ ಬಿಲ್ಹಣ ಹೇಳೋ ಪ್ರಕಾರ, ಅಪ್ಪ ಪಟ್ಟ ಕಟ್ಟಲು ಬಂದಾಗ ವಿಕ್ರಮಾದಿತ್ಯ ಬೇಡ ಅಂದ. ಅಣ್ಣ ಇದ್ದಾನೆ, ಅದು ಅವನದ್ದು ಅಂದ. ಬಿಲ್ಹಣ ಬರೆದಿದ್ದು ಗೆದ್ದವನ ಅನ್ನ ಉಂಡು, ಅದು ನಿಜ. ಆದರೂ ನಾನು ಆ ಮಾತನ್ನು ನಂಬುತ್ತೇನೆ. ಅಪ್ಪ ಎದುರಿಗಿದ್ದಾಗ ಯಾವ ತಮ್ಮನೂ ಹಾಗೇ ಹೇಳುತ್ತಾನೆ, ಮನಸಾರೆ ಹೇಳುತ್ತಾನೆ. ಅದೇ ವಿಕ್ರಮಾದಿತ್ಯ 1076ರಲ್ಲಿ ಅಣ್ಣನನ್ನು ಇಳಿಸಿ ತಾನು ಸಿಂಹಾಸನ ಹತ್ತಿದ. ಅಪ್ಪ ಹೋಗಿ ಎಂಟು ವರ್ಷಕ್ಕೆ.

ನನಗೆ ನಿದ್ದೆ ಕೆಡಿಸಿರೋದು ಇದು. ಗದ್ದೆ ಭಟ್ಟಿ ಎಲ್ಲ ಅಣ್ಣನೇ ಇಟ್ಟುಕೊಳ್ಳಲಿ ಅಂತ ಇವತ್ತು ನನಗೆ ನಿಜವಾಗಿ ಅನ್ನಿಸುತ್ತೆ. ಆದರೆ ಈ ಒಳ್ಳೆಯತನ ನನ್ನದಾ, ಅಪ್ಪ ನಡುವೆ ಕೂತಿರೋದರಿಂದ ಬಂದದ್ದಾ? ಅವರಿಲ್ಲದ ಮನೆಯಲ್ಲಿ ನಾನು ಎಂಥವನು ಅಂತ ನನಗೆ ಗೊತ್ತಿಲ್ಲ. ಅಣ್ಣನಿಗೂ ಇದೇ ಭಯ ಇರಬಹುದು. ಊಟಕ್ಕೆ ಕೂತಾಗ ಅವನ ಮುಖ ನೋಡುತ್ತೇನೆ. ಅಲ್ಲಿ ಯಾವ ಅಂಕಿಯೂ ಕಾಣಲ್ಲ. ಅಪ್ಪನ ಹತ್ತಿರ ಕೇಳಿಬಿಡೋಣ, ಮೂವರೂ ಕೂತು ಮಾತಾಡೋಣ ಅಂತ ಮೆಟ್ಟಿಲಿಳಿದು ಹೋಗುತ್ತೇನೆ, ಅವರು 'ಟೀ ಕುಡಿತೀಯೇನೋ' ಅಂತಾರೆ, ಕುಡಿದು ಬರುತ್ತೇನೆ.

ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ. ಬರೆದಾಯ್ತು, ಇರಲಿ. ಆಟ ಕಲಿಯೋಕೆ ಬಂದವರು ಕ್ಷಮಿಸಿ, ಐರ್ಲೆಂಡ್ ಇನ್ನೂ ಅಲ್ಲೇ ಇದೆ.

ನೀನು ಭಾನುವಾರ ಬಾ. ಲ್ಯಾಪ್‌ಟಾಪ್ ತಗೊಂಡು ಬಾ, ಮೌಸ್ ಮರೀಬೇಡ, ಟಚ್‌ಪ್ಯಾಡಿನಲ್ಲಿ ಈ ಆಟ ಆಗಲ್ಲ. ಬಿಸಿ ಮಂಡಕ್ಕಿ ನಮ್ಮನೆಯದು, ಮಿರ್ಚಿ ನೀನು ತರಬೇಕು, ಆ ಖಾರದ ಅಂಗಡಿಯದು ಬೇಡ, ಹಿಂದಿನ ಸಲ ಏನಾಯ್ತು ಅಂತ ಗೊತ್ತಲ್ಲ. ಆಟ ನೀನೇ ಆಡು, ನಾನು ಪಕ್ಕದಲ್ಲಿ ಕೂರುತ್ತೇನೆ. ರಾಜನ ಮದುವೆ ಮಾತುಕತೆ ಮಾತ್ರ ನನಗೆ ಬಿಡು. ನಿನ್ನ ಆಯ್ಕೆ ಹೇಗಿರುತ್ತೆ ಅಂತ ಕಾಲೇಜಿನಿಂದಲೂ ನೋಡಿದ್ದೇನೆ. ಅಣ್ಣನನ್ನೂ ಮೇಲೆ ಕರೀತೀನಿ, ಅವನಿಗೆ ಕುದುರೆ ಯುದ್ಧ ಅಂದರೆ ಇಷ್ಟ. ಅವನೆದುರು ಪಾಲಿನ ಕಾನೂನು ಬಂದರೆ ನೀನೇ ವಿವರಿಸು, ನಾನು ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಾ ಇರ್ತೀನಿ.

ನಿನ್ನ
ಭಟ್ಟಿ ಹುಡುಗ
ದಾವಣಗೆರೆ