ಮಗಳಿಗೊಂದು ಪತ್ರ: ನೀನು ಕಾನ್‌ಗೆ ಹೊರಡುವ ಮುನ್ನ

ಸೋಮವಾರಪೇಟೆ

ಪ್ರೀತಿಯ ಮಗಳೇ,

ಫ್ರಾನ್ಸಿನ ಕಾನ್ ಲಯನ್ಸ್ ಜಾಹೀರಾತು ಉತ್ಸವಕ್ಕೆಂದು ನೀನು ವಿಮಾನ ಹತ್ತುವ ಮೊದಲು ನಿನ್ನ ಕೈಸೇರಲೆಂದು ಈ ಪತ್ರವನ್ನು ನಾಳೆ ಬೆಳಗಿನ ಬೆಂಗಳೂರು ಬಸ್ಸಿನಲ್ಲಿ ಕಳಿಸುವ ಕಾಫಿಪುಡಿಯ ಪೊಟ್ಟಣದೊಳಗೇ ಇಡುತ್ತಿದ್ದೇನೆ. ಜೂನ್ ಮಳೆ ಹಿಡಿದ ಮೇಲೆ ಇಲ್ಲಿ ಕರೆಂಟು, ಸಿಗ್ನಲ್ಲುಗಳ ಪಾಡು ನಿನಗೆ ಗೊತ್ತೇ ಇದೆ; ಅಲ್ಲದೆ ಫೋನಿನಲ್ಲಿ ನಾನು ಎರಡನೆಯ ಮಾತಿಗೆ ಬರುವಷ್ಟರಲ್ಲಿ ನೀನು ‘ಆಯ್ತಮ್ಮ’ ಎಂದುಬಿಡುತ್ತೀಯ. ಹಿಂದೆ ನಮ್ಮ ತೋಟದಲ್ಲಿ ತೆಗೆದ ಜಾಹೀರಾತಿನ ಬಗ್ಗೆ ಕಳೆದ ಸಲ ಬಂದಾಗ ನಡೆದ ಜಗಳವನ್ನು ಮತ್ತೆ ಎತ್ತುವುದಿಲ್ಲ. ಆದರೆ ಗೇಟು ದಾಟುವಾಗ ನೀನು ಹೇಳಿದ ‘ಅಮ್ಮ, ಅದು ಜಾಹೀರಾತು, ಸಾಕ್ಷ್ಯಚಿತ್ರವಲ್ಲ’ ಎಂಬ ಮಾತು ಮಾತ್ರ ನನ್ನನ್ನು ಬಿಟ್ಟಿಲ್ಲ.

ಹೆಮ್ಮೆಯನ್ನು ಮೊದಲೇ ಹೇಳಿಬಿಡುತ್ತೇನೆ. ‘ಅದು ಸಿನಿಮಾದವರ ಉತ್ಸವವಲ್ಲವೇ’ ಎಂದು ಕೇಳಿದವರಿಗೆಲ್ಲ ನಾನೇ ವಿವರಿಸಿದ್ದೇನೆ: ಚಿತ್ರಮಂದಿರಗಳಿಗೆ ಜಾಹೀರಾತು ಒದಗಿಸುತ್ತಿದ್ದವರು ಕಾನ್ ಚಿತ್ರೋತ್ಸವವನ್ನು ನೋಡಿ ತಮಗೂ ಅಂಥದ್ದೊಂದು ಬೇಕೆಂದು 1954ರಲ್ಲಿ ವೆನಿಸ್‌ನಲ್ಲಿ ಇದನ್ನು ಆರಂಭಿಸಿದರು, ಅಲ್ಲಿನ ಸೇಂಟ್ ಮಾರ್ಕ್ ಚೌಕದ ಸಿಂಹವೇ ಪ್ರಶಸ್ತಿಯಾಯಿತು, 1984ರಿಂದ ಉತ್ಸವ ಕಾನ್‌ನಲ್ಲೇ ನೆಲೆಯೂರಿತು ಎಂದು. ನಿನ್ನ ಅಪ್ಪನಂತೂ ಸಿಂಹದ ಚಿತ್ರವನ್ನು ಕಣದಲ್ಲಿದ್ದವರಿಗೆಲ್ಲ ತೋರಿಸಿ ಬಂದರು, ನೀನೇ ಅದನ್ನು ಗೆದ್ದು ತರುವವಳೆಂಬಂತೆ. ವಿಚಾರಸಂಕಿರಣಗಳಿಗೆ ಕೇಳುವವಳಾಗಿ ಮಾತ್ರ ಹೋಗುತ್ತಿದ್ದಾಳೆ ಎಂದು ನಾನು ಹೇಳಿದರೆ ಅವರಿಗೆ ಹಿಡಿಸಲಿಲ್ಲ.

ಇನ್ನು ನಮ್ಮ ತೋಟದ ಆ ಚಿತ್ರೀಕರಣದ ವಿಷಯ. ಎಷ್ಟನೆಯ ಸಲ ಹೇಳುತ್ತಿದ್ದೇನೋ, ಕ್ಷಮಿಸು. ನೀನು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ, ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಆಸುಪಾಸಿನಲ್ಲಿ, ಕಾಫಿಪುಡಿಯ ಜಾಹೀರಾತಿಗೆಂದು ಒಂದು ತಂಡ ಬಂದಿತ್ತು. ಅರೇಬಿಕಾ ಹಣ್ಣಾಗುವುದು ನವೆಂಬರ್ ಹೊತ್ತಿಗೆ. ಆಗಿನ್ನೂ ಗಿಡದ ತುಂಬ ಹಸಿರು ಕಾಯಿ. ಅವರಿಗೆ ಬೇಕಾಗಿದ್ದದ್ದು ಕೆಂಪು ಹಣ್ಣು. ಅವರಲ್ಲೊಬ್ಬ ಉಗುರುಬಣ್ಣವನ್ನು ತೆಗೆದು ಒಂದು ಕೊಂಬೆಯ ಕಾಯಿಗಳಿಗೆ ಒಂದೊಂದಾಗಿ ಹಚ್ಚುತ್ತ ಕುಳಿತ. ಪಕ್ಕದಲ್ಲಿ ಬಾಟಲಿ ಹಿಡಿದು ನಿಂತವಳು ನೀನು. ಅದನ್ನು ನಾನೂ ನಗುತ್ತಲೇ ನೋಡಿದೆ. ನನಗೆ ನಗು ಬಾರದೆ ಹೋದದ್ದು ಆಮೇಲೆ. ಬೆಳಗಿನಿಂದ ಹೊಸ ಸೀರೆಯುಟ್ಟು ಕಾದಿದ್ದ ನಮ್ಮ ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಹೆಂಗಸಿನ ಸೊಂಟದಿಂದ ಬುಟ್ಟಿ ಬಿಚ್ಚಿ, ಮುಂಬೈಯಿಂದ ಬಂದ ಹುಡುಗಿಗೆ ಕಟ್ಟಿದರು. ಆ ಹುಡುಗಿಗೆ ಹಣ್ಣು ಬಿಡಿಸಲು ಬರಲಿಲ್ಲ. ಆಗ ಈಕೆಯನ್ನೇ ಮತ್ತೆ ಕರೆದು, ಕಾಫಿಯ ಕಲೆ ಹೋಗುವಂತೆ ಕೈ ಉಜ್ಜಿ ತೊಳೆಸಿ, ಕೈಯನ್ನಷ್ಟೇ ಚಿತ್ರೀಕರಿಸಿಕೊಂಡರು. ಟಿವಿಯಲ್ಲಿ ಅದು ಬಂದಾಗಲೆಲ್ಲ ಆಕೆ ‘ಮುಖ ಆ ಹುಡುಗಿಯದು, ಕೈ ನಂದು’ ಎನ್ನುತ್ತಿದ್ದಳು. ಹೇಳುವಾಗ ಅವಳಿಗೆ ಸಂತೋಷವಿತ್ತು ಎಂಬುದೇ ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ. ಬಣ್ಣ ಮೆತ್ತಿದ ಆ ಕಾಯಿಗಳನ್ನು ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಕ್ಕೆ ಹಾಕುವಂತಿರಲಿಲ್ಲ; ಕುಯ್ಲಿನ ಹೊತ್ತಿಗೆ ನಾನೇ ಕಿತ್ತು ಎಸೆದೆ.

ನೀನು ಇದನ್ನು ಹಳ್ಳಿಯವರ ಮುನಿಸು ಎನ್ನಬಹುದು. ಆದರೆ ನೀನು ಹೋಗುತ್ತಿರುವ ಉತ್ಸವದಲ್ಲೇ 2025ರಲ್ಲಿ ಬ್ರೆಜಿಲಿನ ಜಾಹೀರಾತು ಕೆಲಸವೊಂದರ ಗ್ರ್ಯಾಂಡ್ ಪ್ರಿ ಎಂಬ ಅತ್ಯುನ್ನತ ಪ್ರಶಸ್ತಿಯನ್ನು ಹಿಂಪಡೆಯಲಾಯಿತಲ್ಲ, ಅದರ ವಿವರಣಾ ಚಿತ್ರದಲ್ಲಿ ಕೃತಕ ಬುದ್ಧಿಮತ್ತೆಯಿಂದ ಹುಟ್ಟಿಸಿದ, ತಿದ್ದಿದ ದೃಶ್ಯಗಳಿದ್ದವೆಂದು? ಪ್ರಶಸ್ತಿಗಾಗಿ ಕಳಿಸಿದ ಚಿತ್ರಕ್ಕೇ ಉಗುರುಬಣ್ಣ ಹಚ್ಚಿದ್ದರು, ಅಷ್ಟೆ. ಇದಕ್ಕೆ ತದ್ವಿರುದ್ಧವಾದದ್ದೂ ಅಲ್ಲೇ ಇದೆ, ಅದನ್ನು ನನಗೆ ತೋರಿಸಿದವಳು ನೀನೇ: 2022ರಲ್ಲಿ ವರ್ಷದ ಜಾಹೀರಾತು ಏಜೆನ್ಸಿ ಎನಿಸಿಕೊಂಡ ಡೆಂಟ್ಸು ಕ್ರಿಯೇಟಿವ್ ಬೆಂಗಳೂರಿನವರ ಕೆಲಸ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ವಿವಾದಿತ ವಸ್ತುಗಳ ಮುಂದೆ ಫೋನು ಹಿಡಿದರೆ, ಅವು ಯಾವ ನಾಡಿನಿಂದ ಹೋದವೋ ಆ ನಾಡಿನವರೇ ಅವುಗಳ ಕಥೆ ಹೇಳುವಂತೆ ಮಾಡಿದ್ದರು. ಅಲ್ಲಿ ಬುಟ್ಟಿಯೂ ಮಾತೂ ಒಬ್ಬರದೇ. ಸಾಕ್ಷ್ಯಚಿತ್ರವಲ್ಲದಿದ್ದರೂ ಹೀಗೆ ಮಾಡಲು ಸಾಧ್ಯವಿದೆ ಎಂಬುದು ನಿನ್ನ ಮಾತಿಗೆ ನನ್ನ ತಡವಾದ ಉತ್ತರ.

ಉಪದೇಶ ಮಾಡುವುದಿಲ್ಲವೆಂದು ನಿನ್ನ ಅಪ್ಪನಿಗೆ ಮಾತು ಕೊಟ್ಟಿದ್ದೆ, ಆದರೂ ಇಷ್ಟು ಕೇಳು. ಕ್ರೊಯ್ಸೆಟ್ ರಸ್ತೆಯ ಕಡಲತೀರವನ್ನು ಕಂಪನಿಗಳು ಬಾಡಿಗೆಗೆ ಹಿಡಿದು ನಡೆಸುವ ಸಂಜೆಯ ಕೂಟಗಳಿಗೆ ಹೋಗಬೇಡ ಎನ್ನುವುದಿಲ್ಲ, ಹೋದರೆ ಮರುದಿನ ಬೆಳಗಿನ ಉಪನ್ಯಾಸ ತಪ್ಪಿಸಬೇಡ. 2,000ಕ್ಕೂ ಹೆಚ್ಚು ಆಸನಗಳ ಲುಮಿಯೇರ್ ಸಭಾಂಗಣದಲ್ಲಿ ದೊಡ್ಡ ಹೆಸರಿನವರನ್ನು ಒಮ್ಮೆ ನೋಡು ಸಾಕು. ಉಳಿದ ಹೊತ್ತು ಮಾತನಾಡಿದವರ ಹತ್ತಿರ ಹೋಗಿ ಕೇಳಬಹುದಾದ ಸಣ್ಣ ಕೊಠಡಿಗಳಲ್ಲಿ ಕುಳಿತುಕೋ. ಫೋಟೋ ತೆಗೆಯುವುದರ ಬದಲು ಬರೆದುಕೋ. ಒಬ್ಬಳೇ ರಾತ್ರಿ ಹೊತ್ತು ತಿರುಗಬೇಡ, ಪಾಸ್‌ಪೋರ್ಟನ್ನು ಕೈಚೀಲದ ಹೊರಜೇಬಿನಲ್ಲಿ ಇಡಬೇಡ. ನೋಡು, ಎಲ್ಲಿಂದ ಎಲ್ಲಿಗೆ ಬಂದೆ.

ಒಂದು ಕೆಲಸವನ್ನು ಮಾತ್ರ ನನಗಾಗಿ ಮಾಡು. ರೈತರನ್ನೋ ಕೂಲಿಯವರನ್ನೋ ಇಟ್ಟುಕೊಂಡು ಮಾಡಿದ ಜಾಹೀರಾತಿನ ಬಗ್ಗೆ ಯಾರಾದರೂ ಮಾತನಾಡಿದರೆ, ಅದರಲ್ಲಿ ಕಾಣುವವರು ನಿಜಕ್ಕೂ ಆ ಕೆಲಸದವರೇ, ಅವರಿಗೆ ಕೊಟ್ಟದ್ದೆಷ್ಟು, ಮುಗಿದ ಮೇಲೆ ಅವರಿಗೆ ತೋರಿಸಿದರೇ ಎಂದು ಎದ್ದು ನಿಂತು ಕೇಳು. ಇಂಗ್ಲಿಷ್ ತಡವರಿಸಿದರೂ ಚಿಂತೆಯಿಲ್ಲ. ಅವರು ಏನು ಹೇಳಿದರೆಂದು ಬರೆ. ಉತ್ತರ ಕೊಡದೆ ಮುಂದಿನ ಪ್ರಶ್ನೆಗೆ ಹೋದರೆ ಹಾಗೆಂದೇ ಬರೆ.

ನಿನ್ನ
ಅಮ್ಮ