ಆ ರಾತ್ರಿ ಐಸಿಯುದಾಗ ಇದ್ದ ಸಿಸ್ಟರ್‌ಗೆ

ಆಳಂದ ಕಡೆಯ ಅಜ್ಜಿ ನಿನ್ನೆ ಬಸ್ಸಿನಲ್ಲೇ ಕಲಬುರಗಿಗೆ ಬಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡು ಹೋದರು. ಸುಣ್ಣ ಕಟ್ಟಿದ್ದ ಅವರ ಮಹಾಪಧಮನಿಯ ಕವಾಟ, ಅಂದರೆ ಹೃದಯದಿಂದ ಮೈಗೆ ರಕ್ತ ಹೋಗುವ ಬಾಗಿಲು, ತೆಗೆದು ಹೊಸದು ಕೂರಿಸಿದ್ದೆವು. ಹೊಸ ಕವಾಟದ ಸರಾಸರಿ ಗ್ರೇಡಿಯಂಟ್ (ಕವಾಟದ ಆಚೆ-ಈಚೆಯ ರಕ್ತದೊತ್ತಡದ ವ್ಯತ್ಯಾಸ) 11 ಎಂಎಂ ಪಾದರಸ, ಪಕ್ಕದಿಂದ ಸೋರಿಕೆ ಇಲ್ಲ.

ರಕ್ತ ಕೊಟ್ಟವರಿಗೆ, ಬ್ಲಡ್ ಬ್ಯಾಂಕಿನವರಿಗೆ, ಅರಿವಳಿಕೆ ವೈದ್ಯರಿಗೆ, ಹಾರ್ಟ್-ಲಂಗ್ ಮಷೀನ್ ನಡೆಸಿದವರಿಗೆ, ದಿನಾ ಬುತ್ತಿ ತಂದ ಸೊಸೆಗೆ ಶರಣು.

ಥಿಯೇಟರಿನಲ್ಲಿ ಸರ್ಜನ್ ಕೈಗೆ ಸಾಮಾನು ಕೊಡುವ ಸ್ಕ್ರಬ್ ಸಿಸ್ಟರ್‌ಗೆ ಬೇರೆಯಾಗಿ ಹೇಳಬೇಕು. ಹೊಲಿಗೆ ಇಲ್ಲದ ಕವಾಟ ಅಂದರೆ ಸಲೀಸು ಅಂದುಕೊಳ್ಳುವವರಿದ್ದಾರೆ. ಮಾಮೂಲಿ ಕವಾಟಕ್ಕೆ ಹನ್ನೆರಡು–ಹದಿನೈದು ಹೊಲಿಗೆ ಬೀಳುವ ಕಡೆ ಅಜ್ಜಿಗೆ ಹಾಕಿದ ಪರ್ಸೆವಲ್ ಎಂಬ ಈ ಹೊಲಿಗೆ ಇಲ್ಲದ ಕವಾಟಕ್ಕೆ ಮೂರೇ ದಾರ. ಕವಾಟ ಕೂತ ಮೇಲೆ ಅವನ್ನೂ ಎಳೆದು ತೆಗೆಯುತ್ತಾರೆ. ಆದರೆ ಆ ಮೂರೂ ದಾರ ಹಳೆಯ ಕವಾಟದ ಒಂದೊಂದು ಎಲೆಯ (ತೆರೆದು ಮುಚ್ಚುವ ಪದರದ) ತಳದಿಂದ 2–3 ಮಿಮೀ ಕೆಳಗೇ ಬೀಳಬೇಕು. ಹಳೆಯ ಕವಾಟದ ಸುಣ್ಣದ ಗಂಟು ಉಳಿದರೆ ಅಲ್ಲೇ ಸೋರುತ್ತದೆ. ಸೈಜು ದೊಡ್ಡದಾದರೆ ಹೊಸ ಕವಾಟದ ಚೌಕಟ್ಟು ಒಳಗೆ ಮಡಚಿಕೊಳ್ಳಬಹುದು. ಕವಾಟದೊಳಗಿನ ಬಲೂನನ್ನು 4 ಅಟ್ಮಾಸ್ಫಿಯರ್ ಒತ್ತಡಕ್ಕೆ 30 ಸೆಕೆಂಡ್ ಹಿಗ್ಗಿಸುವಾಗ 37 ಡಿಗ್ರಿಯ ಸಲೈನ್ ಹೊಯ್ಯಬೇಕು, ಚೌಕಟ್ಟಿನ ಲೋಹ ನಿಟಿನಾಲ್ ಅರಳುವುದು ಬಿಸಿಗೆ. ಕೇಳುವ ಮೊದಲೇ ಆ ಸಲೈನ್ ಅವರ ಕೈಯಲ್ಲಿತ್ತು.

ಇನ್ನುಳಿದದ್ದೆಲ್ಲ ರಾತ್ರಿ ಪಾಳಿಯ ಸಿಸ್ಟರ್‌ಗೆ. ಹೆಸರು ಹಾಕಬ್ಯಾಡ್ರಿ ಅಂದಿದ್ದಾರೆ, ಹಾಕುವುದಿಲ್ಲ.

ಈ ಕವಾಟದ ಮೂರು ಎಲೆಗಳಲ್ಲಿ ಬಲ ಎಲೆಯೂ ನಾನ್-ಕರೋನರಿ ಅನ್ನುವ ಎಲೆಯೂ ಸೇರುವ ಜಾಗದ ಕೆಳಗೇ ಬಡಿತದ ಸಂಕೇತ ಒಯ್ಯುವ ಹಿಸ್ ಬಂಡಲ್ ಹಾಯುತ್ತದೆ. ಚೌಕಟ್ಟು ಅದನ್ನು ಒತ್ತಿದರೆ, ಸುತ್ತ ಊತ ಬಂದರೆ, ಮೇಲಿನ ಸಂಕೇತ ಕೆಳಗಿನ ಕೋಣೆಗೆ ಮುಟ್ಟುವುದಿಲ್ಲ. ಅಜ್ಜಿಗೆ ಆದದ್ದು ಅದೇ. ಹೊರಗಿನ ಪೇಸರ್ ಪೆಟ್ಟಿಗೆಯಿಂದ ಕರೆಂಟಿನ ಏಟು ಕೊಟ್ಟು ಬಡಿಸುವ ತಾತ್ಕಾಲಿಕ ಪೇಸಿಂಗ್ ವೈರಿನ ಮೇಲೆ ನಿಮಿಷಕ್ಕೆ 80ರಂತೆ ಹೃದಯ ನಡೆಯುತ್ತಿತ್ತು. ನಸುಕಿನ ಎರಡೂವರೆಗೆ ಪೇಸರಿನ ಏಟು ಹೃದಯಕ್ಕೆ ಹತ್ತುವುದು ನಿಂತಿತು. ಮಾನಿಟರ್ ಮಾತ್ರ ಪೇಸರಿನ ಗೆರೆಗಳನ್ನೇ ಬಡಿತ ಅಂತ ಎಣಿಸಿ 80 ತೋರಿಸುತ್ತಲೇ ಇತ್ತು. ಆರ್ಟೀರಿಯಲ್ ಲೈನಿನ (ರಕ್ತನಾಳದೊಳಗಿಟ್ಟು ಒತ್ತಡ ಅಳೆಯುವ ನಳಿಗೆಯ) ಅಲೆ ಚಪ್ಪಟೆಯಾಗುತ್ತಿದ್ದದ್ದು ಈ ಸಿಸ್ಟರ್ ಕಣ್ಣಿಗೆ ಬಿತ್ತು. ತೊಡೆಸಂದಿಗೆ ಬೆರಳಿಟ್ಟು ಕೂಗಿದರು: "ಸರ್, ಮಾನಿಟರ್ 80 ತೋರಸ್ತದ, ನಾಡಿ ಸಿಗವಲ್ದು!"

ವೈದ್ಯರು ಮಂಚ ಮುಟ್ಟುವಷ್ಟರಲ್ಲಿ ಸಿಸ್ಟರ್ ಪೇಸರಿನ ಔಟ್‌ಪುಟ್ (ಏಟಿನ ಕರೆಂಟ್) ಗರಿಷ್ಠಕ್ಕೆ ಏರಿಸಿ, ಕನೆಕ್ಷನ್ ಒತ್ತಿ ನೋಡಿದ್ದರು. ಅಲೆ ಮತ್ತೆ ಎದ್ದಿತು. ಆಮೇಲೆ ವೈರುಗಳ ಧ್ರುವ ಅದಲುಬದಲು ಮಾಡಿದಾಗ ಕಡಿಮೆ ಕರೆಂಟಿಗೇ ಏಟು ಹತ್ತಿತು. ಬೆಳಗಾಗುವವರೆಗೆ ಸಿಸ್ಟರ್ ಕುರ್ಚಿ ಮುಟ್ಟಲಿಲ್ಲ. ಬೆರಳು ನಾಡಿಯ ಮೇಲೆ, ಜೇಬಿನಲ್ಲಿ ಪೇಸರಿಗೆ ಹೊಸ 9 ವೋಲ್ಟ್ ಬ್ಯಾಟರಿ.

ಆ ಕ್ಷಣ ಅವರು ಬೇರೆ ಮಂಚದ ಕಡೆ ತಿರುಗಿದ್ದರೆ? ಇದನ್ನು ಬರೆಯುವಾಗಲೂ ಎದೆ ಝಲ್ಲೆನ್ನುತ್ತದೆ.

ಐದನೇ ದಿನ ಅಜ್ಜಿಯ ಸ್ವಂತ ಬಡಿತ ಮರಳಿತು, ಕಾಯಂ ಪೇಸ್‌ಮೇಕರ್ ಬೇಕಾಗಲಿಲ್ಲ. ಈ ಕವಾಟದ ನಂತರ ಪ್ಲೇಟ್‌ಲೆಟ್ ಇಳಿಯುವುದುಂಟು. ಇಳಿಯಿತು, ತಾನಾಗಿ ಏರಿತು. ಈಗ ಕವಾಟದ ಪೇಷಂಟ್ ಪೇಸಿಂಗ್ ಮೇಲಿದ್ದರೆ ಮಾನಿಟರಿನಲ್ಲಿ ಬಡಿತದ ಲೆಕ್ಕವನ್ನು ಇಸಿಜಿಯಿಂದ ತಪ್ಪಿಸಿ ಆರ್ಟೀರಿಯಲ್ ಲೈನಿಗೆ ಹಾಕುತ್ತೇವೆ. ಅದು ಅವರು ಹಾಕಿಕೊಟ್ಟ ರೂಢಿ.

ಅಕ್ಕಾ, ಅಜ್ಜಿ ನಿಮಗಂತ ಶೇಂಗಾ ಹಿಂಡಿ ತಂದಿದ್ದರು. ನೀವು ನಿನ್ನೆ ರಜೆ ಇದ್ದಿರಿ. ಡಬ್ಬಿ ನರ್ಸಿಂಗ್ ಸ್ಟೇಷನ್ನಿನ ಕಪಾಟಿನಾಗ ಅದ, ಮರೀದೆ ತಗೋರಿ.