ಅವನು ನಕ್ಕ ಎಂದು ಬರೆದಿದ್ದೀಯಲ್ಲ

ದಾವಣಗೆರೆ
ಭಾನುವಾರ, ಸಂಜೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ಒಂಬತ್ತು ದಿನವಾಯಿತು. ಉತ್ತರ ಬರೆಯಲು ಕುಳಿತದ್ದು ಇದು ನಾಲ್ಕನೆಯ ಸಲ. ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಅಪ್ಪನ ಸಿಟ್ಟಿನ ಕಥೆಯಂತೂ ನಮ್ಮಿಬ್ಬರಿಗೂ ಬಾಯಿಪಾಠ.

ಮೂರು ಪುಟದ ಪತ್ರದಲ್ಲಿ ಒಂದೇ ಸಾಲು ನನ್ನನ್ನು ಹಿಡಿದು ಕೂರಿಸಿದೆ. ಗಾಲ್ಫ್ ಆಡುವಾಗ ಹದಿನಾಲ್ಕನೆಯ ಕುಳಿಯ ಹತ್ತಿರ ಚೆಂಡು ಎರಡೆರಡು ಸಲ ನೀರಿಗೆ ಬಿತ್ತು, ಏಳನೇ ನಂಬರಿನ ಕೋಲನ್ನು ಬೀಸಿ ಒಗೆದೆ, ಅದು ಗಿರಗಿರನೆ ತಿರುಗಿ ನಿನ್ನ ಚೀಲ ಹೊರುವ ಕ್ಯಾಡಿಯ ಕಾಲ ಬುಡದಲ್ಲೇ ಬಿತ್ತು, 'ಪುಣ್ಯಕ್ಕೆ ಏನೂ ಆಗಲಿಲ್ಲ, ಅವನೂ ನಕ್ಕುಬಿಟ್ಟ' ಎಂದು ಬರೆದಿದ್ದೀಯ. ಮರುಸಾಲಿಗೇ ಆಟದ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ ಅಂಕದ ವಿಚಾರಕ್ಕೆ ಹೋಗಿಬಿಟ್ಟಿದ್ದೀಯ. ನನಗೆ ಹೋಗಲಾಗಲಿಲ್ಲ. (ನೀನು ಕ್ಲಬ್ ಎನ್ನುತ್ತೀಯ, ನನ್ನ ಕಣ್ಣಿಗೆ ಅದು ಕೋಲೇ. ತಪ್ಪು ತಿಳಿಯಬೇಡ.)

ಅವನು ಯಾಕೆ ನಕ್ಕ?

ಆಟ ಬಿಟ್ಟುಬಿಡಲೇ, ಇಲ್ಲ ಸಿಟ್ಟು ಬಿಡಲು ದಾರಿಯಿದೆಯೇ ಎಂದು ಕೇಳಿದ್ದೀಯ. ನನ್ನನ್ನೇ ಕೇಳುವುದಕ್ಕೆ ಕಾರಣವನ್ನೂ ಕೊಟ್ಟಿದ್ದೀಯ: ದೊಡ್ಡಪ್ಪ ಸಿಟ್ಟಾದದ್ದನ್ನು ನೀನು ಒಮ್ಮೆಯೂ ನೋಡಿಲ್ಲವಂತೆ. ನೋಡಿಲ್ಲ, ನಿಜ. ನೀನು ಹುಟ್ಟುವ ಹೊತ್ತಿಗೆ ನಾನು ಕೆಲಸಕ್ಕಿದ್ದ ಬಟ್ಟೆ ಗಿರಣಿ ಬಾಗಿಲು ಹಾಕಿತ್ತು. ಆ ಎರಡಕ್ಕೂ ಸಂಬಂಧವಿದೆ, ಆಮೇಲೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ನನ್ನನ್ನು ಆ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆಯಲ್ಲ, ಒಂಬತ್ತು ಕುಳಿಗಳವರೆಗೆ ನಿಮ್ಮ ಹಿಂದೆ ನಡೆದೆ. ಆ ಹುಲ್ಲಿಗೆ ಬಿಡುತ್ತಿದ್ದ ನೀರು ನೋಡಿ ನಮ್ಮ ಕಡೆಯ ಒಣಗಿದ ಮೆಕ್ಕೆಜೋಳ ನೆನಪಾಗಿ ಹೊಟ್ಟೆ ಉರಿಯಿತು, ಅದು ಬೇರೆ ಮಾತು. ನನಗೆ ಆಶ್ಚರ್ಯವಾದದ್ದು ಚೆಂಡು. 46 ಗ್ರಾಮಿಗೂ ಕಡಿಮೆ ತೂಕದ ಚೆಂಡು, 108 ಮಿಲಿಮೀಟರ್ ಅಗಲದ ಕುಳಿ. ಕಬಡ್ಡಿಯಲ್ಲಾದರೆ ಎದುರಾಳಿ ಇರುತ್ತಾನೆ. ನಮ್ಮ ಊರಿನ ಕುಸ್ತಿಯಲ್ಲಿ ಎದುರಾಳಿಯ ಜೊತೆಗೆ ಬೈಯಲು ಅಖಾಡದ ಮಣ್ಣೂ ಇರುತ್ತದೆ. ಈ ಚೆಂಡು ಅಲುಗದೆ ಕುಳಿತಿರುತ್ತದೆ, ನೀನು ಹೊಡೆಯುವವರೆಗೂ ಕಾಯುತ್ತದೆ. ಹೊಡೆಯುವುದು ಎರಡು ಕ್ಷಣ, ನಡೆಯುವುದು ನಾಲ್ಕು ಗಂಟೆ. ಆ ನಾಲ್ಕು ಗಂಟೆಯೂ ಹಿಂದಿನ ಹೊಡೆತ ಹೊಟ್ಟೆಯೊಳಗೆ ಹುಳಿಯುತ್ತಿರುತ್ತದೆ. ದೂರೋಣವೆಂದರೆ ಅಲ್ಲಿ ಯಾರೂ ಇಲ್ಲ, ಚೀಲ ಹೊತ್ತವನೊಬ್ಬನನ್ನು ಬಿಟ್ಟು.

ಆ ದಿನ ನಿನ್ನ ಚೀಲ ಹೊತ್ತಿದ್ದವನಿಗೆ ಐವತ್ತು ದಾಟಿತ್ತು. ಕೋಲಿನ ತಲೆಗೆ ಅಂಟಿದ ಮಣ್ಣನ್ನು ಒದ್ದೆ ಟವಲಿನಿಂದ ಒರೆಸಿ, ನೀನು ಕೈಚಾಚುವ ಮೊದಲೇ ಮುಂದೆ ಹಿಡಿಯುತ್ತಿದ್ದ. ನಿನ್ನ ಪತ್ರದಲ್ಲಿರುವವನು ಅವನೇಯೋ, ಬೇರೆಯವನೋ? ಕೋಲಿನ ನಂಬರು ಬರೆದಿದ್ದೀಯ. 150 ಗಜ ದೂರವಿತ್ತು ಎಂದು ಬರೆದಿದ್ದೀಯ. ಗಾಳಿ ಎಡಗಡೆಯಿಂದ ಬೀಸುತ್ತಿತ್ತು ಎಂದೂ ಬರೆದಿದ್ದೀಯ. ಅವನ ಹೆಸರು ಮಾತ್ರ ಎಲ್ಲೂ ಇಲ್ಲ.

ನಾನು ಗಿರಣಿಯ ನೇಯ್ಗೆ ವಿಭಾಗದಲ್ಲಿ ಜಾಬರ್, ಅಂದರೆ ಕೆಲಸಗಾರರ ಮೇಸ್ತ್ರಿ, ಆಗಿದ್ದೆ ಎಂಬುದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಹೇಳುತ್ತೇನೆ. 1981ರ ಬೇಸಿಗೆ. ಊರಿಗೆ ಆಗ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು, ಮೂರೂ ಪಾಳಿಯಲ್ಲಿ ಕೆಲಸ. ಹೊರಗೆ ರಣಬಿಸಿಲು, ಒಳಗೆ ಎಳೆ ಕಡಿಯದಿರಲೆಂದು ಬಿಟ್ಟ ತೇವದ ಸೆಕೆ. ಬೆಳಿಗ್ಗೆ ಗೇಟಿನ ಮುಂದೆ ಬದಲಿ ಹುಡುಗರು ನಿಂತಿರುತ್ತಿದ್ದರು. ಕಾಯಂ ನೌಕರ ಯಾರಾದರೂ ಬಾರದಿದ್ದರೆ ಆ ದಿನದ ಮಟ್ಟಿಗೆ ಅವರಿಗೆ ಕೂಲಿ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ಯಾರು ಒಳಗೆ, ಯಾರು ವಾಪಸು ಎಂಬುದರಲ್ಲಿ ಜಾಬರನ ಮಾತು ನಡೆಯುತ್ತಿತ್ತು. ನನಗೆ ಆ ಮಾತಿನ ರುಚಿ ಹತ್ತಿತ್ತು.

ಅಂದು ಒಬ್ಬ ಬದಲಿ ಹುಡುಗ ಬೇರೆ ದಪ್ಪದ ನೂಲು ಸುತ್ತಿದ ಕಂಡಿಕೆಯನ್ನು ಲಾಳಿಗೆ ಹಾಕಿಬಿಟ್ಟಿದ್ದ. ಬಟ್ಟೆಯ ಅಡ್ಡಕ್ಕೆ ಗೇಣಗಲ ದಪ್ಪ ಪಟ್ಟೆ ಬಿದ್ದಿತ್ತು. ಆ ವಾರ ಮೇಲಿನವರಿಂದ ನನಗೆ ಆಗಲೇ ಎರಡು ಸಲ ಮಂಗಳಾರತಿಯಾಗಿತ್ತು. ಕೈಗೆ ಸಿಕ್ಕ ಲಾಳಿಯನ್ನು ಅವನ ಕಡೆಗೆ ಬೀಸಿದೆ. ನೀನು ಲಾಳಿ ನೋಡಿದವನಲ್ಲ. ಮೊಳಕ್ಕೆ ತುಸು ಕಡಿಮೆ ಉದ್ದದ ಗಟ್ಟಿ ಮರ, ಎರಡೂ ತುದಿಗೆ ಉಕ್ಕಿನ ಮೊನೆ. ಮಗ್ಗದ ಮೇಲೆ ನಿಮಿಷಕ್ಕೆ 150 ಸಲ ಅತ್ತಿಂದಿತ್ತ ಓಡುವ ವಸ್ತು. ಒಮ್ಮೊಮ್ಮೆ ತಾನಾಗಿಯೇ ಮಗ್ಗದಿಂದ ಹಾರಿ ಯಾರಿಗಾದರೂ ಪೆಟ್ಟು ಮಾಡುತ್ತಿತ್ತು, ಆಗ ಯಂತ್ರವನ್ನು ಬೈದು ಸುಮ್ಮನಾಗುತ್ತಿದ್ದೆವು. ನಾನು ಬೀಸಿದ್ದು ಅವನ ಕಿವಿಯ ಪಕ್ಕದಲ್ಲಿ ಹಾದು ಕಂಬಕ್ಕೆ ಬಡಿಯಿತು.

ಅವನು ಬಗ್ಗಿ ಲಾಳಿಯನ್ನು ಎತ್ತಿಕೊಂಡ. ಅಂಗಿಯ ಚುಂಗಿನಿಂದ ಒರೆಸಿದ. ಹೆಬ್ಬೆರಳಿನಿಂದ ಮೊನೆಯನ್ನು ಸವರಿ, ಮುಕ್ಕಾಗಿಲ್ಲವೆಂದು ನೋಡಿಕೊಂಡು, ಎರಡೂ ಕೈಯಿಂದ ನನಗೆ ಕೊಟ್ಟ. ನಕ್ಕ. ನೇಯ್ಗೆ ಶೆಡ್ಡಿನ ಸದ್ದಿನಲ್ಲಿ ಪಕ್ಕದವನ ಮಾತೇ ಕೇಳಿಸುವುದಿಲ್ಲ, ನಗು ಎಲ್ಲಿಂದ ಕೇಳಿಸೀತು? ಹಲ್ಲು ಮಾತ್ರ ಕಂಡವು.

ನಾನೂ ನಕ್ಕೆ. ನೀನೂ ನಕ್ಕಿರುತ್ತೀಯ, ನಿಜ ಹೇಳು.

ಹುಡುಗ ಒಳ್ಳೆಯವನು, ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಎಂದು ಎಷ್ಟೋ ಕಾಲ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆಯೂ ಅವನು ಅದೇ ಗೇಟಿನ ಮುಂದೆ ನಿಲ್ಲಬೇಕಿತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ನನ್ನ ಮಗ್ಗಗಳ ಸಾಲಿನಲ್ಲಿ ಅವನು ಕೆಲಸಕ್ಕಿದ್ದಾಗಲೆಲ್ಲ ನಾನು ಇದ್ದ ಕಡೆಗೆ ಬೆನ್ನು ಮಾಡಿ ಒಮ್ಮೆಯೂ ನಿಲ್ಲಲಿಲ್ಲ. ಅಷ್ಟನ್ನು ಗಮನಿಸುವುದಕ್ಕೂ ನನಗೆ ತಿಂಗಳುಗಟ್ಟಲೆ ಬೇಕಾಯಿತು. ನಿನ್ನ ಕ್ಯಾಡಿ ಈಗ ಎಲ್ಲಿ ನಿಲ್ಲುತ್ತಾನೆ? ನೀನು ಹೊಡೆಯುವಾಗ ಅಲ್ಲ, ಹೊಡೆತ ಕೆಟ್ಟ ಮೇಲೆ. ಮೊದಲಿಗಿಂತ ಎರಡು ಹೆಜ್ಜೆ ದೂರವಾಗಿದ್ದಾನೆಯೇ ನೋಡು.

ಅವನಿಗೆ ಆ ದಿನ 500 ರೂಪಾಯಿ ಹೆಚ್ಚಿಗೆ ಕೊಟ್ಟೆ ಎಂದು ಕೊನೆಯ ಪುಟದಲ್ಲಿ ಬರೆದಿದ್ದೀಯ. ಅದನ್ನು ಓದಿ ಕನ್ನಡಕ ತೆಗೆದಿಟ್ಟೆ. ನಾನು ಕೊಡಿಸಿದ್ದು ಆರು ದಿನದ ಬದಲಿ ಕೆಲಸ, ಒಂದು ದಿನವೂ ತಪ್ಪದ ಹಾಗೆ. ತಪ್ಪಾಯಿತಪ್ಪ ಎಂಬ ಒಂದು ಮಾತನ್ನು ಉಳಿಸಿಕೊಳ್ಳಲು ಆರು ದಿನದ ಕೂಲಿ ಕೊಡಿಸಿದೆ. ಅದರಿಂದ ಇನ್ನೊಬ್ಬ ಹುಡುಗ ಆರು ದಿನ ಗೇಟಿನಿಂದ ವಾಪಸು ಹೋದ, ಅದೂ ನನ್ನ ಖಾತೆಗೇ. ನೀನು ದುಡ್ಡು ಕೊಟ್ಟದ್ದು ತಪ್ಪು ಎನ್ನುತ್ತಿಲ್ಲ, ಅವನ ಮನೆಗೆ ಅದು ಬೇಕಾದದ್ದೇ. ಆದರೆ ಆ ನೋಟು ಯಾವುದಕ್ಕೆ ಎಂಬುದು ನಿನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ರಜೆಗೆ ಬಂದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಳ ಮೊಬೈಲಿನಲ್ಲಿ ನಿನ್ನ ಆಟದ ವಿಚಾರ ಬಹಳ ಓದಿದೆ. ಬೆಂಗಳೂರಿನ ಗಾಲ್ಫ್ ಕ್ಲಬ್ 1876ರದ್ದಂತೆ. ಅಂದಿನಿಂದ ಆಡಿದವರ ಹೆಸರುಗಳು ಗೋಡೆಯ ಹಲಗೆಗಳ ಮೇಲೆ ಇದ್ದಾವು, ಹೊತ್ತವರ ಹೆಸರು ಯಾರು ಬರೆದಿಡುತ್ತಾರೆ?

ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ನಿನಗೆ ಗೊತ್ತಿರುವವನೇ. 1921ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಓಪನ್ ಪಂದ್ಯಾವಳಿಯ ಮೂರನೇ ಸುತ್ತು ಆಡುತ್ತಿದ್ದಾಗ ಹನ್ನೊಂದನೇ ಕುಳಿಯ ಬಂಕರಿನಲ್ಲಿ, ಅಂದರೆ ಮರಳಿನ ಗುಂಡಿಯಲ್ಲಿ, ಸಿಕ್ಕಿಕೊಂಡು, ಸಿಟ್ಟಿಗೆದ್ದು ಆಟವನ್ನೇ ಕೈಬಿಟ್ಟ. ಅದೇ ವರ್ಷ ತನ್ನ ದೇಶದ ಅಮೆಚೂರ್ (ಹವ್ಯಾಸಿಗಳ) ಪಂದ್ಯಾವಳಿಯಲ್ಲಿ ಅವನು ಒಗೆದ ಕೋಲು ಪುಟಿದು, ನೋಡಲು ಬಂದಿದ್ದ ಹೆಂಗಸೊಬ್ಬಳ ಕಾಲಿಗೆ ಬಡಿಯಿತು. ಗಾಲ್ಫ್ ಸಂಸ್ಥೆಯ ಅಧ್ಯಕ್ಷರು ಅವನಿಗೆ ಎಚ್ಚರಿಕೆಯ ಪತ್ರ ಬರೆದರು. ಮುಂದೆ ಹುಡುಗ ತಿದ್ದಿಕೊಂಡ, 1927ರಲ್ಲಿ ಅದೇ ಸೇಂಟ್ ಆಂಡ್ರೂಸ್‌ನಲ್ಲಿ ಗೆದ್ದ, 1930ರಲ್ಲಿ ನಾಲ್ಕೂ ದೊಡ್ಡ ಪಂದ್ಯಾವಳಿಗಳನ್ನು ಒಂದೇ ವರ್ಷದಲ್ಲಿ ಗೆದ್ದ. ಮೊಮ್ಮಗಳು ಇದನ್ನು ಹುಮ್ಮಸ್ಸಿನಿಂದ ಓದಿ ಹೇಳಿದಳು, ನಿನಗೆ ಬರೆಯಲು ಒಳ್ಳೆಯ ಉದಾಹರಣೆ ಸಿಕ್ಕಿತು ಎಂದಳು. ನನಗೆ ಆ ಕಾಲಿನದೇ ಯೋಚನೆ. ಆ ಹೆಂಗಸು ಕುಂಟುತ್ತಾ ಮನೆಗೆ ಹೋಗಿರಬೇಕು. ಅಥವಾ ಅವಳೂ ನಕ್ಕಳೋ ಏನೋ.

ನೀನು ಉಪಾಯ ಕೇಳಿದ್ದೀಯ, ನಾನು ಪುರಾಣ ಹೇಳುತ್ತಿದ್ದೇನೆ. ಗಾಲ್ಫ್ ಕೋಲು ಹಿಡಿಯದವನು ಹೇಳುವ ಮಾತು, ಬೇಕಾದರೆ ತೆಗೆದುಕೋ. ಹೊಡೆತ ಕೆಟ್ಟಾಗ ಕೋಲನ್ನು ಅವನ ಕೈಗೆ ಕೊಡಬೇಡ, ನೀನೇ ಚೀಲದ ತನಕ ಹೋಗಿ ಒಳಗೆ ಇಡು. ಅಷ್ಟು ಹೆಜ್ಜೆಯಲ್ಲಿ ಕೈ ಸ್ವಲ್ಪ ತಣ್ಣಗಾದೀತು. ಸಿಟ್ಟು ಬಂದಾಗ ಹಿಡಿತ ಬಿಗಿಯುತ್ತದೆ, ಮುಂಗೈ ಕಲ್ಲಾಗುತ್ತದೆ, ಮುಂದಿನ ಹೊಡೆತವೂ ಕೆಡುತ್ತದೆ ಎಂದು ಓದಿದೆ. ಇದು ಓದದೆಯೂ ನನಗೆ ಗೊತ್ತಿತ್ತು: ಮಗ್ಗದ ಹಾಸಿನ, ಅಂದರೆ ಉದ್ದದ, ಎಳೆಯನ್ನು ಹೆಚ್ಚು ಬಿಗಿದಷ್ಟೂ ಅದು ಕಡಿಯುತ್ತಿತ್ತು, ಕಡಿದದ್ದನ್ನು ಗಂಟು ಹಾಕುವಾಗ ಬೆರಳು ಒಂದಿಷ್ಟು ಬಿಗಿಯಾದರೂ ಗಂಟು ಕೂರುತ್ತಿರಲಿಲ್ಲ. ಮತ್ತೆ, ಖಾಲಿ ಹೊಟ್ಟೆಯಲ್ಲಿ ಆಡಬೇಡ. ಹದಿನಾಲ್ಕನೆಯ ಕುಳಿಗೆ ಬರುವ ಹೊತ್ತಿಗೆ ನೀನು ಮೂರು ಗಂಟೆ ಬಿಸಿಲಿನಲ್ಲಿ ನಡೆದಿರುತ್ತೀಯ. ಎರಡು ಬಾಳೆಹಣ್ಣು ಇಟ್ಟುಕೋ, ಒಂದನ್ನು ಅವನಿಗೆ ಕೊಡು.

ಕಳೆದ ಚೆಂಡನ್ನು ಮೂರು ನಿಮಿಷ ಮಾತ್ರ ಹುಡುಕಬೇಕು ಎಂಬ ನಿಯಮ 2019ರಲ್ಲಿ ಬಂತಂತೆ, ಮೊದಲು ಐದು ನಿಮಿಷವಿತ್ತಂತೆ. ಸಿಟ್ಟಿನಿಂದ ಮುರಿದುಕೊಂಡ ಕೋಲಿಗೆ ಆ ಸುತ್ತಿನಲ್ಲಿ ಬದಲಿ ಕೋಲು ತರುವಂತಿಲ್ಲವಂತೆ. ಈ ನಿಯಮ ಬರೆದವರಿಗೆ ಮನುಷ್ಯರ ಪರಿಚಯ ಚೆನ್ನಾಗಿದೆ.

ನನ್ನ ಸಿಟ್ಟು ಹೇಗೆ ಇಳಿಯಿತು ಎಂಬುದಕ್ಕೆ ಬರುತ್ತೇನೆ. ಧ್ಯಾನವಲ್ಲ, ಮಠಕ್ಕೆ ಹೋಗಿದ್ದರಿಂದಲೂ ಅಲ್ಲ. ಗಿರಣಿ ಮುಚ್ಚಿತು, ಮರುದಿನದಿಂದ ನನ್ನ ಕೈಕೆಳಗೆ ಯಾರೂ ಇರಲಿಲ್ಲ. ಅಷ್ಟೇ. ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದೆ. ಒಂದು ಸಂಜೆ ಮಾಲೀಕರು ಹದಿನೆಂಟು ರೂಪಾಯಿ ತಾಳೆಯಾಗದ್ದಕ್ಕೆ ಖಾತೆ ಪುಸ್ತಕವನ್ನು ನನ್ನ ಎದೆಗೆ ಒಗೆದರು. ನಾನು ಅದನ್ನು ಎತ್ತಿ, ಧೂಳು ಕೊಡವಿ, ಗಲ್ಲೆಯ ಮೇಲೆ ಇಟ್ಟು ನಕ್ಕೆ. ಮನೆಯಲ್ಲಿ ನಿನ್ನ ಅಣ್ಣಂದಿರ ಶಾಲೆಯ ಫೀಸು ಕಟ್ಟುವುದಿತ್ತು. ಹಾಗೆ ನಕ್ಕಾಗ ದವಡೆಯ ಕೀಲಿನಲ್ಲಿ, ಕಿವಿಯ ಕೆಳಗೆ, ನೋವು ಬರುತ್ತದೆ. ರಾತ್ರಿ ಊಟ ಮಾಡುವಾಗಲೂ ಇರುತ್ತದೆ. ಅಲ್ಲಿಯವರೆಗೆ ನನಗದು ಗೊತ್ತಿರಲಿಲ್ಲ.

ನಿನ್ನನ್ನು ಕೆಟ್ಟವನು ಎನ್ನುತ್ತಿಲ್ಲ, ಮಗಾ ಎಂದು ಎತ್ತಿ ಆಡಿಸಿದವನು ನಾನು. ಕೋಲು ಬಿದ್ದ ಜಾಗ ಒಂದು ಗೇಣು ಆಚೀಚೆ ಆಗಿದ್ದರೆ ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ, ಏನೂ ಆಗಲಿಲ್ಲ ಎಂದು ನೀನು ನಂಬಿಬಿಟ್ಟಿದ್ದೀಯಲ್ಲ, ಅದು. ಅವನ ಹೆಸರು ಕೇಳಿಕೋ. ಮನೆ ಎಲ್ಲಿ, ಎಷ್ಟು ಮಕ್ಕಳು ಎಂದೆಲ್ಲ ಪೊಲೀಸರ ಹಾಗೆ ವಿಚಾರಿಸಬೇಡ. ಆ ದಿನ ಒಗೆದದ್ದು ನನ್ನ ತಪ್ಪು ಎಂದು ಒಂದು ಮಾತು ಹೇಳು, ಬೇರೆ ಆಟಗಾರರು ಇಲ್ಲದಾಗ. ಹೇಳಿದ ಮೇಲೆ ಅವನು ಮತ್ತೆ ನಕ್ಕರೆ ಏನು ಮಾಡಬೇಕು ಎಂದು ನನ್ನನ್ನು ಕೇಳಬೇಡ.

ಯಾಕೆಂದರೆ ನಾನೇ ಹೇಳಿಲ್ಲ. ಆ ಬದಲಿ ಹುಡುಗನಿಗೆ ಈಗ ಅರವತ್ತು ದಾಟಿದೆ. ಇದೇ ಊರಿನಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದಾನೆ. ಮಗ ಒಳಗೆ ಕಾದ ಮರಳಿನಲ್ಲಿ ಹುರಿಯುತ್ತಾನೆ, ಅವನು ಬಾಗಿಲಲ್ಲಿ ಕುಳಿತು ಅಳೆದು ಕೊಡುತ್ತಾನೆ. ಹೆಸರು ನನಗೆ ಗೊತ್ತು. ಅವನನ್ನು ಕೇಳದೆ ಅವನ ಕಥೆಯನ್ನು ಇಷ್ಟು ಹೇಳಿದ್ದೇ ಹೆಚ್ಚಾಯಿತು, ಹೆಸರನ್ನೂ ಬರೆಯಲಾರೆ. ನಿನ್ನ ಪತ್ರ ಬಂದ ಮೇಲೆ ಮೂರು ಸಲ ಅಲ್ಲಿಗೆ ಹೋದೆ. ಮೂರು ಸಲವೂ 'ಜಾಬರ್ ಸಾಹೇಬರು ಬಂದರು' ಎಂದು ಸ್ಟೂಲು ಒರೆಸಿ ಹಾಕಿದ. ನಾನು ಗಂಟಲು ಸರಿಮಾಡಿಕೊಂಡೆ. ಎಷ್ಟು ಕೊಡಲಿ ಎಂದ. ಒಂದು ಚೀಲ ಎಂದೆ. ಅಳೆದು, ಮೇಲೆ ಎರಡು ಬೊಗಸೆ ಕೊಸರು ಹಾಕಿ, ನಕ್ಕು ಕೊಟ್ಟ. ದುಡ್ಡು ಕೊಟ್ಟು ಬಂದೆ.

ಮೂರು ಚೀಲ ಮಂಡಕ್ಕಿ ಅಟ್ಟದ ಮೇಲಿದೆ. ಇದನ್ನೆಲ್ಲ ಯಾರು ತಿನ್ನಬೇಕು ಎಂದು ನಿನ್ನ ದೊಡ್ಡಮ್ಮ ದಿನವೂ ಕೇಳುತ್ತಾಳೆ. ನೀನು ಬರುತ್ತೀಯ, ಒಯ್ಯುತ್ತೀಯ ಎಂದು ಸುಳ್ಳು ಹೇಳಿದ್ದೇನೆ. ಮೆತ್ತಗಾಗುವುದರೊಳಗೆ ಬಂದು ತೆಗೆದುಕೊಂಡು ಹೋಗು.

ನಿನ್ನ
ದೊಡ್ಡಪ್ಪ